ಬಣ್ಣ ಅಳೆಯುತ್ತಿದ್ದವನು

ನಮ್ಮ ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಬಿಸ್ಕತ್ತು ಇದ್ದ ಕಾಲ ನನಗೂ ನೆನಪಿಲ್ಲ. ಈಗ ಅದರ ತುಂಬ ರೆಸಿಸ್ಟರುಗಳಿವೆ. ರೆಸಿಸ್ಟರ್ ಎಂದರೆ ಗೋಧಿ ಕಾಳಿನಷ್ಟು ಉದ್ದದ ಸಾಮಾನು. ಎರಡೂ ಕಡೆ ತಂತಿಯ ಕಾಲು, ಮೈಮೇಲೆ ನಾಲ್ಕು ಬಣ್ಣದ ಪಟ್ಟಿ. ಕರೆಂಟನ್ನು ಅದು ಎಷ್ಟು ತಡೆಯುತ್ತದೆ ಎಂಬುದು ಆ ಪಟ್ಟಿಗಳಲ್ಲೇ ಬರೆದಿರುತ್ತದೆ. ಕಂದು ಅಂದರೆ ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ಹೀಗೆ. ಕೊಪ್ಪಳದ ಹಳೇ ಪೇಟೆಯ ಹಿಂದೆ, ಮಹಡಿಯ ಮೇಲಿನ ಎರಡು ಕೋಣೆಯ ಈ ಮನೆಯಲ್ಲಿ ನಾನು ಗಣಿತ, ಭೌತಶಾಸ್ತ್ರ, ಸರ್ಕೀಟು ಹೇಳಿಕೊಡಲು ಶುರು ಮಾಡಿ ಹದಿನೆಂಟು ವರ್ಷವಾಯಿತು. ಡಿಪ್ಲೊಮಾ ಓದುವವರು ಯಾರೇ ಹೊಸದಾಗಿ ಬರಲಿ, ಮೊದಲ ದಿನ ಆ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ "ಆರಿಸಿ ಗುಂಪು ಮಾಡ್ರಿ" ಎನ್ನುತ್ತೇನೆ. ಯಾರಿಗೆ ತಾಳ್ಮೆ ಇದೆ, ಯಾರು ಪಕ್ಕದವರ ಗುಂಪನ್ನು ಕದ್ದು ನೋಡುತ್ತಾರೆ, ಯಾರಿಗೆ ಮನೆಗೆ ಹೋಗುವ ಅವಸರ, ಎಲ್ಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತಿಳಿಯುತ್ತದೆ ಎಂದು ನಾನು ನಂಬಿದ್ದೆ.

ನನ್ನ ನಾಲಿಗೆ ಖಾರ ಎಂದು ಊರಿಗೆಲ್ಲ ಗೊತ್ತು. ಮಕ್ಕಳನ್ನು ಬಿಡಲು ಬಂದ ಹಿರಿಯರು "ಬೈದ್ರೂ ಛಲೋ ಹೇಳಿಕೊಡತಾರ" ಎಂದು ನನ್ನೆದುರಿಗೇ ಹೇಳುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ನಮ್ಮ ಪಾಠದ ಕೋಣೆಯಲ್ಲಿ ಒಂದೇ ಒಂದು ಮಾತಿಗೆ ನಿಷೇಧವಿತ್ತು. "ಬರಂಗಿಲ್ಲ" ಅನ್ನಕೂಡದು, "ಕಲತಿಲ್ಲ" ಅನ್ನಬಹುದು. ಯಾರ ಬಾಯಿಂದಲಾದರೂ "ಇಂಟಿಗ್ರೇಷನ್ ನನಗ ಬರಂಗಿಲ್ರಿ" ಎಂದು ಬಂತೋ, ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಐದು ನಿಮಿಷ ನಿಲ್ಲಬೇಕು. ಕೆಳಗಿನ ಹಿಟ್ಟಿನ ಗಿರಣಿಯವನು ಎಣಿಸುತ್ತಿದ್ದ: "ಇವತ್ತ ಮೂರು ಮಂದಿ ನಿಂತಿದ್ರು ನೋಡ್ರಿ ಮೇಡಂ." ಜಗತ್ತಿನಲ್ಲಿ ಬಾರದೇ ಇರುವುದು ಅಂತ ಯಾವುದೂ ಇಲ್ಲ, ಕಲಿಯದೇ ಇರುವುದು ಅಂತ ಇದೆ ಅಷ್ಟೆ ಎಂದು ಸಾವಿರ ಸಲ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಮಾತು ತೇಲಿಸುತ್ತೇನೆ. ಇವತ್ತು ಬರೆದೇ ಬಿಡೋಣ ಅನ್ನಿಸಿದೆ.

ಅವನು ತಳಕಲ್ಲಿನ ಹುಡುಗ. ಡಿಪ್ಲೊಮಾ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ಗಣಿತದ ಒಂದು ಪೇಪರು ಉಳಿದಿತ್ತು, ಸರ್ಕೀಟೂ ಅಷ್ಟಕ್ಕಷ್ಟೆ. ಬೆಳಗಿನ ಪ್ಯಾಸೆಂಜರಿಗೆ ಕೊಪ್ಪಳಕ್ಕೆ ಬಂದು, ಕಾಲೇಜಿಗೆ ಹೋಗುವ ಮೊದಲು ನನ್ನಲ್ಲಿ ಒಂದು ತಾಸು ಕೂರುತ್ತಿದ್ದ. ಅಪ್ಪ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮೂರು ಎಕರೆಯಲ್ಲಿ ಮೆಣಸಿನಕಾಯಿ, ಜೋಳ ಮಾಡಿಕೊಂಡು ಅವನನ್ನೂ ಅವನ ಅಕ್ಕನನ್ನೂ ದಡ ಮುಟ್ಟಿಸಿದ್ದಳು. ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು.

ಮೊದಲ ದಿನ ಅವನ ಜೊತೆ ಇನ್ನೂ ನಾಲ್ವರಿದ್ದರು. ಡಬ್ಬಿ ಬೋರಲು ಹಾಕಿದೆ. ನಾಲ್ವರೂ ಕಣ್ಣಿನಲ್ಲೇ ಬಣ್ಣ ಓದುತ್ತ, ಬೆರಳಲ್ಲಿ ಎಣಿಸುತ್ತ, ಬಡಬಡ ಗುಂಪು ಮಾಡತೊಡಗಿದರು. ಇವನು ಒಂದು ರೆಸಿಸ್ಟರನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಮಲ್ಟಿಮೀಟರನ್ನು ಕೇಳಿ ಇಸಿದುಕೊಂಡ. ಎರಡು ಕಡ್ಡಿಗಳನ್ನು ರೆಸಿಸ್ಟರಿನ ಎರಡು ಕಾಲಿಗೆ ಹಚ್ಚಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು, ಆ ಚೀಟಿಯಲ್ಲೇ ಅದನ್ನು ಸುತ್ತಿ ಇಟ್ಟ. ಹೀಗೆ ಒಂದೊಂದನ್ನೇ. ಉಳಿದವರು ಮುಗಿಸಿ ಕೈ ಕಟ್ಟಿ ಕೂತರು, ಇವನದು ಇನ್ನೂ ಕಾಲು ಭಾಗವೂ ಆಗಿರಲಿಲ್ಲ. ಆದರೆ ತಪಾಸಣೆ ಮಾಡಿದಾಗ ಅವರೆಲ್ಲರ ಗುಂಪಿನಲ್ಲಿ ಮೂರು ನಾಲ್ಕು ತಪ್ಪು ಸಿಕ್ಕವು. ಇವನದರಲ್ಲಿ ಒಂದೂ ಇಲ್ಲ.

ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಬೆನ್ನು ತಟ್ಟಿದೆ. ಅದು ನನ್ನ ಕೈಯಿಂದ ಸುಲಭಕ್ಕೆ ಬೀಳುವ ಏಟಲ್ಲ. "ನೋಡ್ರಿ, ಇದಕ್ಕ ಅಂತಾರ ವಿಜ್ಞಾನ ಅಂತ. ಕಂಡದ್ದನ್ನ ನಂಬಲಿಲ್ಲ, ಅಳದು ನೋಡಿದ. ನಿಮ್ಮ ಕಣ್ಣು ಸುಳ್ಳು ಹೇಳಬಹುದು, ಮೀಟರ್ ಸುಳ್ಳು ಹೇಳಂಗಿಲ್ಲ" ಎಂದು ಉಳಿದವರಿಗೆ ಭಾಷಣ ಬಿಗಿದೆ. ಅವನು ತಲೆ ತಗ್ಗಿಸಿದ. ವಿನಯ ಅಂದುಕೊಂಡೆ. ಆ ವರ್ಷದಿಂದ ಅದೇ ನಮ್ಮ ಪಾಠದ ಮನೆಯ ಪದ್ಧತಿಯಾಯಿತು: ಯಾವ ಸಾಮಾನನ್ನೂ ಅಳೆಯದೆ ಸರ್ಕೀಟಿಗೆ ಹಾಕಬಾರದು. ನನ್ನ ಪಾಲಿಗೆ ಅವನು ನಾನು ಬೆಳೆಸಿದ ಶಿಷ್ಯನಲ್ಲ, ನನಗೇ ಒಂದು ನಿಯಮ ಕಲಿಸಿದವನು.

ಮುಂದಿನ ಒಂದೂವರೆ ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ ಅಲ್ಲ. ಎಲ್‌ಇಡಿ ದೀಪಗಳ ಕಾಲಿಗೆ ಅವನು ಬಿಳಿ ಟೇಪು ಸುತ್ತಿ "ಕೆಂ", "ಹ" ಎಂದು ಬರೆದಿಡುತ್ತಿದ್ದ. ಅಚ್ಚುಕಟ್ಟು ಅಂದುಕೊಂಡೆ. ಕಾಲೇಜಿನ ಪ್ರಾಜೆಕ್ಟಿಗೆ ರಸ್ತೆ ಸಿಗ್ನಲಿನ ಸಣ್ಣ ಮಾದರಿ ಮಾಡಿದ. ಮೊದಲ ಸಲ ಹಚ್ಚಿದಾಗ "ನಿಲ್ಲು" ಎಂಬಲ್ಲಿ ಹಸಿರು ಹತ್ತಿತು, "ಹೋಗು" ಎಂಬಲ್ಲಿ ಕೆಂಪು. "ನಿನ್ನ ಸಿಗ್ನಲ್ ನಂಬಿ ಹೋದ್ರ ಅರ್ಧ ಕೊಪ್ಪಳ ಸೀದಾ ದವಾಖಾನಿಗೆ" ಎಂದು ಗೇಲಿ ಮಾಡಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮರುದಿನ ಸರಿ ಮಾಡಿಕೊಂಡು ಬಂದ. ಒಮ್ಮೆ ಹೊಲದಿಂದ ನನಗೆಂದು ಟೊಮೆಟೊ ಆರಿಸಿ ತಂದಿದ್ದ, ಅರ್ಧಕ್ಕರ್ಧ ಕಾಯಿ. "ಹಣ್ಣು ತಂದಿಯೋ, ಚಟ್ನಿಗೆ ಕಾಯಿ ತಂದಿಯೋ?" ಅಂದೆ. "ಕತ್ತಲಾಗ ಹರಕೊಂಡು ಬಂದೆರಿ" ಅಂದ. ಅವತ್ತು ಕಾಲೇಜಿಗೆ ರಜೆ, ಅವನು ಬಂದದ್ದು ಸಂಜೆಯ ಪಾಠಕ್ಕೆ, ಹರಿದದ್ದು ಮಧ್ಯಾಹ್ನದಲ್ಲೇ ಇರಬೇಕು. ಇಷ್ಟೆಲ್ಲ ಎದುರಿಗಿತ್ತು. ಹುಡುಗರ ಲೆಕ್ಕದಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿದರೆ ಹತ್ತು ಮಾರು ದೂರದಿಂದ ಹಿಡಿಯುವ ನನಗೆ ಇದು ಹೊಳೆಯಲಿಲ್ಲ.

ಅವನಿಗೆ ಆಸೆ ಇದ್ದದ್ದು ರೈಲಿನದು. ತಳಕಲ್ಲಿನಿಂದ ಯಲಬುರ್ಗಾ, ಕುಷ್ಟಗಿ ಕಡೆಗೆ ಹೊಸ ಹಳಿ ಹಾಕುತ್ತಿದ್ದ ದಿನಗಳವು. ಶಾಲೆ ಬಿಟ್ಟ ಮೇಲೆ ಆ ಮಣ್ಣಿನ ಒಡ್ಡಿನ ಮೇಲೆ ಕೂತು ಬೆಳೆದವನು ಅವನು. ಆಮೇಲೆ ಜಲ್ಲಿ ಬಂತು, ಸಿಮೆಂಟಿನ ಅಡ್ಡಪಟ್ಟಿ ಬಂತು, ಹಳಿ ಬಂತು. "ನಮ್ಮೂರಿಂದ ಕುಷ್ಟಗಿಗೆ ಗಾಡಿ ಬಿಡೂವತ್ತಿಗೆ ನಾ ಎಂಜಿನ್ನಿನ್ಯಾಗ ಇರಬೇಕ್ರಿ ಮೇಡಂ" ಎನ್ನುತ್ತಿದ್ದ. ಡಿಪ್ಲೊಮಾ ಮುಗಿದದ್ದೇ ಸಹಾಯಕ ಚಾಲಕರ ಹುದ್ದೆಗೆ ಅರ್ಜಿ ಹಾಕಿದ. ಅರ್ಜಿಯ ನಿಯಮಗಳನ್ನು ನಾವಿಬ್ಬರೂ ಇದೇ ಚಾಪೆಯ ಮೇಲೆ ಕೂತು ಓದಿದ್ದೆವು. ಕಣ್ಣಿನ ದೃಷ್ಟಿಯ ಸಾಲು ಬಂದಾಗ "ಕಣ್ಣು ಹೆಂಗ ಐತಿ?" ಎಂದು ಕೇಳಿದೆ. ಅವನು ಕಿಟಕಿಯ ಹತ್ತಿರ ಹೋಗಿ, ದೂರದ ರಸ್ತೆ ತಿರುವಿನಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಓದಿದ. ಗಂಗಾವತಿ ಬಸ್ಸು. ನನಗೆ ಬಸ್ಸೇ ಸರಿಯಾಗಿ ಕಾಣುತ್ತಿರಲಿಲ್ಲ. ಇಬ್ಬರೂ ನಕ್ಕೆವು. ಆ ಸಾಲಿಗೆ ನಾನೇ ಪೆನ್ಸಿಲಿನಿಂದ ಸರಿ ಗುರುತು ಹಾಕಿದೆ.

ಎರಡು ವರ್ಷ ಅವನು ಓದಿದ ಓದನ್ನು ನಾನು ಯಾರಲ್ಲೂ ಕಂಡಿಲ್ಲ. ವೇಗ, ದೂರ, ಕಾಲ, ಘರ್ಷಣೆ, ಬ್ಯಾಟರಿ, ಮೋಟರು, ಎಲ್ಲ ಅವನಿಗೆ ಬಾಯಿಪಾಠವಲ್ಲ, ಕೈಪಾಠ. ಒಂದು ಸಲ ಮೊದಲ ಸುತ್ತಿನಲ್ಲೇ ಬಿದ್ದ. "ಬರಲಿಲ್ಲ ಅನಬ್ಯಾಡ, ಕಲತಿದ್ದು ಸಾಲಲಿಲ್ಲ ಅನ್ನು" ಎಂದು ಮತ್ತೆ ಕೂರಿಸಿದೆ. ಎರಡನೇ ಸಲ ಎಲ್ಲ ಸುತ್ತುಗಳನ್ನೂ ದಾಟಿದ. ಆ ದಿನ ಪೇಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವನು ಸೀದಾ ನನ್ನ ಕಾಲಿಗೆ ಬಿದ್ದ. ಗಿರಣಿಯವನಿಗೂ ಪೇಡೆ ಸಿಕ್ಕಿತು. ಉಳಿದದ್ದು ಕಾಗದಪತ್ರ ಮತ್ತು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಪರೀಕ್ಷೆ. ಗಟ್ಟಿಮುಟ್ಟಾದ ಹುಡುಗ, ಅದೇನು ದೊಡ್ಡದು ಎಂದುಕೊಂಡೆವು.

ಪರೀಕ್ಷೆಗೆ ಹೋದವನು ನಾಲ್ಕು ದಿನ ಫೋನು ಎತ್ತಲಿಲ್ಲ. ಐದನೇ ದಿನ ಬೆಳಗಿನ ಪ್ಯಾಸೆಂಜರಿನ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ. ಕೂರು ಅಂದರೆ ಕೂತ. ಚಹಾ ಕೊಟ್ಟೆ, ಅದು ಕೆನೆಗಟ್ಟಿತು. ಆಮೇಲೆ ಹೇಳಿದ. ಅಲ್ಲಿ ಒಂದು ಪುಸ್ತಕ ತೋರಿಸಿದರಂತೆ. ಪ್ರತಿ ಹಾಳೆಯಲ್ಲೂ ಬಣ್ಣ ಬಣ್ಣದ ಚುಕ್ಕೆಗಳ ಒಂದು ಚಕ್ರ, ಚುಕ್ಕೆಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ಮೊದಲನೆಯದು ಕಂಡಿತು, ಹನ್ನೆರಡು. ಮುಂದಿನ ಯಾವ ಹಾಳೆಯಲ್ಲೂ ಅವನಿಗೆ ಅಂಕಿ ಕಾಣಲಿಲ್ಲ. ಬರೀ ಚುಕ್ಕೆ. ಕೆಂಪು, ಹಸಿರು, ಕಂದು ಬಣ್ಣಗಳು ಅವನ ಕಣ್ಣಿಗೆ ಬೇರೆಬೇರೆ ಅಲ್ಲ, ಹುಟ್ಟಿನಿಂದ ಬಂದದ್ದು, ಇಂಥ ಕಣ್ಣಿಗೆ ಈ ಹುದ್ದೆ ಇಲ್ಲ ಎಂದು ಬರೆದುಕೊಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇವನದು ಬಾಯಿಗೆ ಬಂದಿತ್ತು.

"ನಿನಗ ಮೊದಲs ಗೊತ್ತಿತ್ತೇನೋ?" ಎಂದು ಕೇಳಿದೆ.

"ಬಣ್ಣದ ಹೆಸರು ನನಗ ತಪ್ಪತಾವ ಅನ್ನೂದು ಗೊತ್ತಿತ್ರಿ. ಸಣ್ಣಾಂವ ಇದ್ದಾಗ ಸಾಲ್ಯಾಗ ಗಿಡದ ಎಲಿಗೆ ಕಂದು ಬಣ್ಣ ಹಚ್ಚೀನಿ ಅಂತ ಹೊಡಸ್ಕೊಂಡಿದ್ದೆ. ನಾ ಸರಿಯಾಗಿ ಕಲತಿಲ್ಲ ಅನ್ಕೊಂಡಿದ್ದೆ ರಿ. ಮಗ್ಗಿ ಕಲಿಯದಾವ್ರು ಇರ್ತಾರಲ್ರಿ, ಹಂಗ. ನೀವೂ ಹಂಗs ಅಂತಿದ್ರೆಲ್ರಿ, ಬರಂಗಿಲ್ಲ ಅನ್ನೂದು ಇಲ್ಲ, ಕಲತಿಲ್ಲ ಅನ್ನೂದು ಐತಿ ಅಂತ."

ಅವನು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದ. ಅದೇ ಚುಕ್ಕೆ ಚಕ್ರಗಳು. ಕೊಪ್ಪಳದ ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲೇ ಪ್ರಿಂಟು ತೆಗೆಸಿಕೊಂಡು ಬಂದಿದ್ದ. ಮರುಪರೀಕ್ಷೆಗೆ ಕೇಳಿಕೊಳ್ಳಲು ಒಂದು ತಿಂಗಳ ಅವಕಾಶವಿತ್ತು. "ಇದನ್ನೂ ಕಲಸ್ರಿ ಮೇಡಂ" ಎಂದ.

ನಾನು ಕಲಿಸಲು ಕೂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಭೌತಶಾಸ್ತ್ರ ಹೇಳಿಕೊಡುವ ನಾನು, ಬೆಳಕು ಎಂದರೇನು, ಕಣ್ಣು ಎಂದರೇನು ಎಂದು ವರ್ಷಕ್ಕೆರಡು ಸಲ ಬೋರ್ಡಿನ ಮೇಲೆ ಚಿತ್ರ ಬರೆಯುವ ನಾನು, ಇದು ಕಲಿಸಲು ಬರುವಂಥದ್ದಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದೊಂದು ಹಾಳೆಯ ಮೇಲೂ ಬೆರಳಿನಿಂದ ಅಂಕಿಯನ್ನು ತಿದ್ದಿ ತೋರಿಸಿದೆ. ಇಲ್ಲಿ ಎಂಟು, ಇಲ್ಲಿ ಆರು, ಇದು ಎಪ್ಪತ್ನಾಲ್ಕು. ಬೆರಳು ತೆಗೆದರೆ ಅವನಿಗೆ ಮತ್ತೆ ಬರೀ ಚುಕ್ಕೆ. ಅವನು ಬೇರೆ ದಾರಿ ಹುಡುಕಿದ. ಅಂಕಿ ಕಾಣದಿದ್ದರೇನು, ಹಾಳೆಯ ಗುರುತು ಇದೆಯಲ್ಲ. ಈ ಹಾಳೆಯಲ್ಲಿ ಎಡ ಅಂಚಿಗೆ ಒಂದು ದೊಡ್ಡ ಚುಕ್ಕೆ, ಅದು ಎಂಟು. ಇದರಲ್ಲಿ ಕೆಳಗೆ ಮೂರು ಸಣ್ಣ ಚುಕ್ಕೆ ಸಾಲಾಗಿ, ಇದು ಐದು. ಎರಡು ದಿನದಲ್ಲಿ ಅಷ್ಟೂ ಹಾಳೆಗಳನ್ನು ಹಾಗೆ ಕಟ್ಟಿಕೊಂಡ. ಮೂರನೇ ದಿನ ನಾನು ಹಾಳೆಗಳನ್ನು ಇಸ್ಪೀಟಿನಂತೆ ಕಲಸಿ ಒಂದೊಂದೇ ಎತ್ತಿ ಹಿಡಿದೆ, ಅವನು ಒಂದೂ ತಪ್ಪದೆ ಹೇಳಿದ. ನನಗೆ ಎಂದಿನ ಹಾಗೆ ಹಿಗ್ಗು ಬಂತು. ಶಿಷ್ಯನಿಗೆ ಲೆಕ್ಕ ಬಂದಾಗ ಬರುತ್ತದಲ್ಲ, ಅದೇ ಹಿಗ್ಗು.

ಆ ಹಿಗ್ಗಿಗೇ ನಾನು ಹೆದರಿದೆ. ಈ ರೈಲಿನಲ್ಲಿ ಯಾರು ಯಾರು ಕೂತಿರುತ್ತಾರೆ ಎಂಬ ಯೋಚನೆ ಅಲ್ಲಿಯವರೆಗೆ ಬಂದಿರಲೇ ಇಲ್ಲ. ಬೆಳಗಿನ ಪ್ಯಾಸೆಂಜರಿಗೆ ತಳಕಲ್ಲಿನಿಂದ, ಭಾನಾಪುರದಿಂದ ಚೀಲ ಹೆಗಲಿಗೆ ಹಾಕಿಕೊಂಡು ಬರುವ ನನ್ನ ಮಕ್ಕಳೇ ಅಲ್ಲವೇ. ಕಿಟಕಿಯ ಪರದೆ ಎಳೆದೆ. ಕಪಾಟಿನಿಂದ ಹೊಸ ಎಲ್‌ಇಡಿಗಳನ್ನು ತೆಗೆದೆ. ಇವು ಆರಿದ್ದಾಗ ಎಲ್ಲವೂ ಒಂದೇ ಥರದ ಬಿಳಿ ಗಾಜಿನವು, ಹತ್ತಿದ ಮೇಲೆಯೇ ಬಣ್ಣ ತಿಳಿಯುವುದು. ಟೇಪಿಲ್ಲ, ಹೆಸರಿಲ್ಲ. ಒಂದನ್ನೇ ಹತ್ತಿಸಿ ಕೋಣೆಯ ಆ ತುದಿಯಲ್ಲಿ ಹಿಡಿದೆ.

"ಇದು ಯಾವುದು?"

"ಹಸರು ರಿ."

ಕೆಂಪಾಗಿತ್ತು. ಇನ್ನೊಂದು ಹಿಡಿದೆ, ಸರಿ ಹೇಳಿದ. ಮತ್ತೊಂದು, ತಪ್ಪಿದ. ಹತ್ತರಲ್ಲಿ ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ ಎಂದು ಸಂಭವನೀಯತೆಯ ಪಾಠದಲ್ಲಿ ನಾನೇ ಹೇಳಿಕೊಟ್ಟಿದ್ದೆ. ಅವನಿಗೂ ಅದು ಹೊಳೆದಿರಬೇಕು. ಎದ್ದು ಬಂದು ಕೈ ಚಾಚಿದ.

"ಮೀಟರ್ ಕೊಡ್ರಿ."

ಕೊಟ್ಟೆ. ಹತ್ತಿದ ಎಲ್‌ಇಡಿಯ ಎರಡು ಕಾಲಿಗೆ ಕಡ್ಡಿ ಹಚ್ಚಿ ವೋಲ್ಟೇಜು ಓದಿದ. ಕೆಂಪು ದೀಪಕ್ಕೆ ಕಡಿಮೆ ವೋಲ್ಟು ಸಾಕು, ಹಸಿರಿಗೆ ಅದಕ್ಕಿಂತ ಹೆಚ್ಚು ಬೇಕು; ನಾನು ಕಲಿಸಿದ ಪಾಠವೇ. "ಒಂದು ಪಾಯಿಂಟ್ ಎಂಟು. ಇದು ಕೆಂಪು ರಿ. ಎರಡು ಪಾಯಿಂಟ್ ಎರಡು. ಇದು ಹಸರು." ಹತ್ತಕ್ಕೆ ಹತ್ತೂ ಸರಿ. ಅವನ ಮುಖದಲ್ಲಿ ಬೆಳಕು ಬಂದಿತ್ತು. ಆ ಬೆಳಕನ್ನು ನಾನೇ ಆರಿಸಬೇಕಾಗಿತ್ತು.

"ಎಂಜಿನ್ನಿನ್ಯಾಗ ಕುಂತು ಸಿಗ್ನಲ್ಲಿಗೆ ಮೀಟರ್ ಹಚ್ಚಾಕ ಆಗಂಗಿಲ್ಲ ತಮ್ಮಾ. ಇದು ನಿನಗ ಬರಂಗಿಲ್ಲ."

ಹದಿನಾಲ್ಕು ವರ್ಷ ಯಾರ ಬಾಯಿಂದಲೂ ಬರಗೊಡದ ಮಾತು. ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ನಿಯಮವೆಂದರೆ ನಿಯಮ ಎಂದುಕೊಂಡೆನೋ, ಅವನ ಮುಖ ನೋಡಲಾರದೆ ಹೋದೆನೋ, ಎರಡೂ ನಿಜ. ಕೆಳಗಿನಿಂದ ಗಿರಣಿಯವನು ತಲೆಯೆತ್ತಿ ನೋಡಿ, ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ನನ್ನ ಕಣ್ಣು ನೋಡಿ ಗಿರಣಿಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಹುಡುಗನೂ ಕೋಣೆಯಿಂದ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಮೇಡಂ, ಒಂದು ಮಾತು ಕೇಳ್ಲಿ? ಮೊದಲ್ನೇ ದಿನ ಎಲ್ಲಾರೂ ಕಣ್ಣಿಲೆ ಆರಸತಿದ್ರು, ನಾ ಒಬ್ಬನs ಮೀಟರ್ ಹಚ್ಚತಿದ್ದೆ. ನೀವು ಶಬ್ಬಾಶ್ ಅಂದ್ರಿ. ಯಾಕ ಹಚ್ಚತಿ ಅಂತ ಕೇಳಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಕೇಳಿದ್ರ ನಾ ಹೇಳತಿದ್ದೆರಿ."

ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹಾಳೆಗಳ ಕಟ್ಟನ್ನು ಅಲ್ಲೇ ಬಿಟ್ಟು ಹೋದ. ಮರುಪರೀಕ್ಷೆಗೆ ಕೇಳಿಕೊಳ್ಳಲಿಲ್ಲ.

ಇಲ್ಲಿಗೆ ನನ್ನ ತಪ್ಪು ಮುಗಿದಿದ್ದರೆ ಹೇಗೋ ಹೊತ್ತುಕೊಂಡು ಇರುತ್ತಿದ್ದೆ. ಮನಸ್ಸು ತಡೆಯದೆ ಎಂಟು ದಿನದ ಮೇಲೆ ತಳಕಲ್ಲಿಗೆ ಹೋದೆ. ಅವನು ಹೊಲಕ್ಕೆ ಹೋಗಿದ್ದ. ಅವನ ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ತೊಟ್ಟು ಬಿಡಿಸುತ್ತಿದ್ದಳು. ಒಳಗೆ ಯಲಬುರ್ಗಾದ ಮಗಳು ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲಲ್ಲಿ ಎರಡು ತಿಂಗಳ ಗಂಡು ಕೂಸು. "ಬರ್ರಿ ಅಕ್ಕೋರ" ಎಂದು ಆ ತಾಯಿ ಕಂಬಳಿ ಹಾಸಿದಳು. ನಾನೂ ಕೂತು ಕೈಗೆ ಸಿಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸತೊಡಗಿದೆ. ಅವಳೇ ಮಾತು ತೆಗೆದಳು.

"ನಮ್ಮಣ್ಣಗೂ ಹಿಂಗs ಇತ್ರಿ. ಮೆಣಸಿನಕಾಯಿ ಹರಿಯಾಕ ಹೋದ್ರ ಹಸಿಯವು, ಕೆಂಪವು ಎಲ್ಲಾ ಕಲಸಿ ತರಾಂವ. ಬೇಕಂತ ಮಾಡತಾನ, ಕೆಲಸಗಳ್ಳ ಅಂತ ನಮ್ಮಪ್ಪ ಬಡದ ಬಡತ ಏನ್ ಹೇಳ್ಲಿ. ಈ ಹುಡುಗಗ ಎಲ್ಲಿಂದ ಬಂತ್ರಿ ಅಕ್ಕೋರ ಇದು?"

ಆ ಪ್ರಶ್ನೆಗೆ ಉತ್ತರ ಬೇಕಿರಲಿಲ್ಲ. ಅದೊಂದು ನಿಟ್ಟುಸಿರು, ಅಷ್ಟೆ. ಆದರೆ ನಾನು ಮೇಷ್ಟ್ರಿಕೆಯವಳು. ನನ್ನೆದುರು ಯಾರಾದರೂ "ಯಾಕೆ" ಎಂದರೆ ಕೈಗೆ ಸೀಮೆಸುಣ್ಣ ತಾನಾಗಿ ಬರುತ್ತದೆ. ಆ ವಾರವೆಲ್ಲ ಅದನ್ನೇ ಓದಿಕೊಂಡಿದ್ದೆ ಬೇರೆ. ಎಕ್ಸ್ ಕ್ರೋಮೊಸೋಮುಗಳೆಂದು ಎರಡು ಮೆಣಸಿನಕಾಯಿ ಎತ್ತಿಕೊಂಡೆ, ಒಂದು ಇಡೀದು, ಇನ್ನೊಂದು ಮುರಿದದ್ದು. "ನೋಡ್ರಿ, ಹೆಣ್ಣಿನ ಹತ್ರ ಇಂಥವು ಎರಡು ಇರ್ತಾವ. ಒಂದು ಮುರದಿದ್ರೂ ಇನ್ನೊಂದು ಚಂದ ಇರತೈತಿ, ಅಕಿ ಕಣ್ಣಿಗೆ ಏನೂ ಆಗಂಗಿಲ್ಲ. ಗಂಡಸಿನ ಹತ್ರ ಒಂದs. ಅದು ತಾಯಿ ಕೊಟ್ಟದ್ದು. ಅಕಿ ಮುರದದ್ದನ್ನ ಕೊಟ್ರ ಅವಗ ಬ್ಯಾರೆ ಇಲ್ಲ." ಚೆನ್ನಾಗಿ ಹೇಳಿದೆ ಎಂದುಕೊಂಡೆ. ಓದುಬರಹ ಇಲ್ಲದವಳಿಗೂ ತಿಳಿಯುವ ಹಾಗೆ.

ಅವಳಿಗೆ ತಿಳಿಯಿತು. ಕೈ ನಿಂತಿತು.

"ಹಂಗಾರ ನಾನs ಕೊಟ್ಟೀನೇನ್ರಿ ಅಕ್ಕೋರ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರೂ ಬೇಕಂತ ಕೊಡುವುದಲ್ಲ, ಯಾರ ತಪ್ಪೂ ಅಲ್ಲ ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಮುರಿದ ಮೆಣಸಿನಕಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಒಳಗಿನ ತೊಟ್ಟಿಲ ಕಡೆ ತಿರುಗಿದಳು. "ನನ್ನ ಮಗಳಿಗೂ ಒಂದು ಕೊಟ್ಟಿರತೀನಲ್ರಿ. ಯಾವುದು ಕೊಟ್ಟೀನೋ." ಕೇಳಬೇಕಾದಾಗ ಕೇಳಲಿಲ್ಲ, ಹೇಳಬಾರದಾಗ ಹೇಳಿದೆ. ಹದಿನೆಂಟು ವರ್ಷದ ನನ್ನ ಪಾಠದಲ್ಲಿ ಅಷ್ಟು ಬೇಗ, ಅಷ್ಟು ಪೂರ್ತಿಯಾಗಿ ಕಲಿತವಳು ಆ ತಾಯಿಯೊಬ್ಬಳೇ. ಬರುವಾಗ ಒಂದು ಚೀಲ ಮೆಣಸಿನಕಾಯಿ ಕಟ್ಟಿಕೊಟ್ಟಳು. ಬೇಡ ಎನ್ನದೆ ಹೊತ್ತು ತಂದೆ. ವರ್ಷವಿಡೀ ಅಡುಗೆಗೆ ಹಾಕುವಾಗೆಲ್ಲ ಆ ಮಾತೇ ನೆನಪಾಗುತ್ತಿತ್ತು.

ಅವನು ಕೆಲಸ ಕಂಡುಕೊಂಡ. ಕುಷ್ಟಗಿ, ಯಲಬುರ್ಗಾ ಕಡೆ ಹೊಲಗಳ ಸೋಲಾರ್ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಾನೆ. ಪೆಟ್ಟಿಗೆ ತೆಗೆದರೆ ಪ್ರತಿ ತಂತಿಗೂ ಬಿಳಿ ಟೇಪು, ಟೇಪಿನ ಮೇಲೆ ಅಂಕಿ. ಅವನ ಕೈ ಆಡಿದ ಪೆಟ್ಟಿಗೆ ಎಂದು ಬೇರೆ ಮಿಸ್ತ್ರಿಗಳೂ ಗುರುತು ಹಿಡಿಯುತ್ತಾರಂತೆ. ತಳಕಲ್ಲಿನಿಂದ ಕುಷ್ಟಗಿಗೆ ಮೊದಲ ಗಾಡಿ ಬಿಟ್ಟ ದಿನ ಊರಿಗೆ ಊರೇ ಹೂವಿನ ಹಾರ, ತೆಂಗಿನಕಾಯಿ ಹಿಡಿದು ನಿಲ್ದಾಣಕ್ಕೆ ಹೋಗಿತ್ತು. ಅವನು ಆ ದಿನ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದು, ನನ್ನ ಮನೆಯಲ್ಲಿ ಕೆಟ್ಟಿದ್ದ ಮಿಕ್ಸರು ಬಿಚ್ಚಿಕೊಂಡು ಕೂತಿದ್ದ. ಇಬ್ಬರೂ ರೈಲಿನ ಮಾತು ತೆಗೆಯಲಿಲ್ಲ. ಕುಷ್ಟಗಿಗೆ ಕೆಲಸಕ್ಕೆ ಹೋಗುವಾಗ ಇವತ್ತಿಗೂ ಬಸ್ಸಿಗೇ ಹೋಗುತ್ತಾನೆ.

ಮೊನ್ನೆ ಅಮಾವಾಸ್ಯೆಯ ಮರುದಿನ, ಬೆಳಗಿನ ಪಾಠ ಮುಗಿಸಿ ಹುಡುಗರನ್ನು ಕಳಿಸಿದ್ದೆ. ಅವನು ಬಂದ. ಹಿಂದೆ ಅವನ ಅವ್ವ, ಅವಳ ಕೈಹಿಡಿದುಕೊಂಡು ಒಬ್ಬ ಪುಟ್ಟ ಹುಡುಗ. ತೊಟ್ಟಿಲಲ್ಲಿದ್ದ ಕೂಸು ನಾಲ್ಕು ವರ್ಷದವನಾಗಿದ್ದ. ಅಂಗನವಾಡಿಗೆ ಹೋಗುತ್ತಾನಂತೆ. ಅವನ ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಬಣ್ಣದ ಕಡ್ಡಿಗಳ ಡಬ್ಬಿ ತೆಗೆದಳು, ಮಕ್ಕಳು ಚಿತ್ರಕ್ಕೆ ಹಚ್ಚುವಂಥ ಮೇಣದ ಕಡ್ಡಿಗಳು.

"ಈ ಹುಡುಗನ್ನ ಒಂದೀಟು ನೋಡ್ರಿ ಅಕ್ಕೋರ" ಎಂದಳು. "ಮನ್ಯಾಗ ನಾ ನೋಡೀನಿ. ನನಗ ಅಂಜಿಕಿ ಬಂದೈತಿ. ನೀವು ನೋಡಿ ಇಲ್ಲ ಅಂದ್ರ ಇಲ್ಲ."

ನಾನು ಕಲಿಸಿದ ಅಂಜಿಕೆಯನ್ನು ಅವಳು ನಾಲ್ಕು ವರ್ಷ ಕಾಪಾಡಿಕೊಂಡು ಬಂದು ನನ್ನ ಮುಂದೆ ಇಟ್ಟಿದ್ದಳು. ರೆಸಿಸ್ಟರು ಸುರಿಯುವ ಅದೇ ಚಾಪೆಯ ಮೇಲೆ ಕಡ್ಡಿಗಳನ್ನು ಸುರಿದೆ. ಮಗು ಖುಷಿಯಿಂದ ಕೂತಿತು.

"ಗಿಡದ ಎಲಿ ಬಣ್ಣ ಕೊಡು ಪುಟ್ಟಾ."

ಒಂದು ಕಡ್ಡಿ ಎತ್ತಿ ಕೊಟ್ಟ. ಕಂದು. ಅದನ್ನು ಮತ್ತೆ ರಾಶಿಗೆ ಹಾಕಿ ಕಲಸಿ, ಇನ್ನೊಮ್ಮೆ ಕೇಳಿದೆ. ಈ ಸಲ ಹಸಿರು ಕೊಟ್ಟ. ಮೂರನೇ ಸಲ ಮತ್ತೆ ಕಂದು. ನಗುತ್ತ, ಗೆದ್ದವನಂತೆ ಕೊಟ್ಟ. ಅಜ್ಜಿಯ ಕಣ್ಣಿಗೆ ಎಲ್ಲ ಬಣ್ಣವೂ ಚೆನ್ನಾಗಿ ಕಾಣುತ್ತಿತ್ತು. ಅವಳು ಸೆರಗು ಬಾಯಿಗೆ ಒತ್ತಿ ಗೋಡೆಯ ಕಡೆ ತಿರುಗಿದಳು.

ಅವನು ಮಗುವಿನ ಕೈಯಲ್ಲಿದ್ದ ಕಡ್ಡಿಯನ್ನು ನೋಡುತ್ತಿದ್ದ. ಅದು ಸರಿಯೋ ತಪ್ಪೋ ಅವನಿಗೆ ತಿಳಿದಿರಲಿಲ್ಲ. ಅವ್ವನನ್ನು ನೋಡಿದ, ನನ್ನ ಮುಖ ನೋಡಿದ.

"ಹೇಳ್ರಿ ಮೇಡಂ."

"ನಿನ್ನಂಗs ಅದಾನ ತಮ್ಮಾ" ಎಂದೆ.

ಅವನು ಅಳಿಯನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. "ಅಳಬ್ಯಾಡ ಯವ್ವಾ" ಎಂದ ಅವ್ವನಿಗೆ. "ಇವಗ ನಾಕನೇ ವರ್ಷಕ್ಕ ಗೊತ್ತಾತು. ನನಗ ಇಪ್ಪತ್ತೆರಡಕ್ಕ. ಇವನ್ನ ಯಾರೂ ಬಡಿಯಂಗಿಲ್ಲ, ಇವಾ ಎಂಜಿನ್ ಹತ್ತೂ ಕನಸು ಕಾಣಂಗಿಲ್ಲ." ಕೊನೆಯ ಮಾತಿಗೆ ಅವನ ದನಿ ಒಡೆಯಿತು. ನಾಲ್ಕು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಗು ಮಾಮನ ಗಲ್ಲ ಒರೆಸಿತು.

ಆಮೇಲೆ ಅವನು ಮೂಗು ಒರೆಸಿಕೊಂಡು, ಕೆಲಸದ ಚೀಲದಿಂದ ಬ್ಲೇಡು ತೆಗೆದ. ಮಗುವಿಗೆ ಇನ್ನೂ ಓದಲು ಬರುವುದಿಲ್ಲ, ಟೇಪಿನ ಮೇಲೆ ಬರೆದರೆ ಪ್ರಯೋಜನವಿಲ್ಲ. ಕಡ್ಡಿಯ ತಲೆಗೆ ಬೆರಳಿಗೆ ಸಿಗುವ ಹಾಗೆ ಗೀರು ಹಾಕುತ್ತೇನೆ ಎಂದ. ಕಂದಿಗೆ ಒಂದು ಗೀರು, ಕೆಂಪಿಗೆ ಎರಡು, ಕಿತ್ತಳೆಗೆ ಮೂರು, ಹಳದಿಗೆ ನಾಲ್ಕು, ಹಸಿರಿಗೆ ಐದು. ನಮ್ಮ ಡಬ್ಬಿಯ ಲೆಕ್ಕವೇ. ಮೊದಲ ಕಡ್ಡಿಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಲಿಲ್ಲ, ಮೀಟರು ಕೇಳಲಿಲ್ಲ. ನನ್ನ ಕಡೆ ಚಾಚಿದ.

"ಇದು ಯಾವ ಬಣ್ಣ ರಿ ಮೇಡಂ?"

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಬಣ್ಣ ಕೇಳಿದ್ದು ಅದೇ ಮೊದಲ ಸಲ. "ಹಸರು" ಎಂದೆ. ಅವನು ಐದು ಗೀರು ಹಾಕಿ ಮಗುವಿನ ಕೈಗೆ ಕೊಟ್ಟು, ಮುಂದಿನದನ್ನು ಎತ್ತಿದ.